ಯಾರೂ ನಂಬದ ಮೊದಲ ಸಾಕ್ಷಿ: ‘ಫಿಯರ್ ದ ವಾಕಿಂಗ್ ಡೆಡ್’ ಮೊದಲ ಎಪಿಸೋಡ್ ನೋಡಿದಾಗ

ಮೊದಲ ದೃಶ್ಯದಿಂದಲೇ ಶುರು ಮಾಡುತ್ತೇನೆ. ಪಾಳು ಬಿದ್ದ ಒಂದು ಚರ್ಚು. ಕೊಳಕು ಹಾಸಿಗೆಯ ಮೇಲೆ ಸಪೂರ ಹುಡುಗನೊಬ್ಬ ಕಣ್ಣು ಬಿಡುತ್ತಾನೆ. ಹೆಸರು ನಿಕ್. ಹೆರಾಯಿನ್ ಚಟ ಅಂಟಿದವನು. ಆ ಚರ್ಚು ಈಗ ಅಂಥವರ ಅಡ್ಡೆ. ರಾತ್ರಿ ಜೊತೆಗಿದ್ದ ಗ್ಲೋರಿಯಾ ಪಕ್ಕದಲ್ಲಿಲ್ಲ. ಅವಳ ಹೆಸರು ಕರೆಯುತ್ತಾ ಹುಡುಕಿಕೊಂಡು ಹೋಗುತ್ತಾನೆ. ಅಲ್ಲಲ್ಲಿ ರಕ್ತ, ಹೆಣ. ಕೊನೆಗೆ ಗ್ಲೋರಿಯಾ ಸಿಗುತ್ತಾಳೆ. ಬಗ್ಗಿ ಕೂತು ಯಾರದೋ ಮೈಯನ್ನು ತಿನ್ನುತ್ತಿದ್ದಾಳೆ.

ನಿಕ್ ಬಿದ್ದೆನೋ ಎದ್ದೆನೋ ಅಂತ ಓಡುತ್ತಾನೆ. ಬೀದಿಗೆ ಬಂದವನಿಗೆ ಕಾರು ಬಡಿಯುತ್ತದೆ. ಜನ ಸೇರುತ್ತಾರೆ. ಆಗ ಕ್ಯಾಮೆರಾ ನಿಧಾನವಾಗಿ ಮೇಲಕ್ಕೆ ಹೋಗುತ್ತದೆ. ನಾವು ಏನು ನಿರೀಕ್ಷಿಸುತ್ತೇವೆ ಹೇಳಿ? ಹೊಗೆ, ಉರಿಯುವ ಕಟ್ಟಡ, ಖಾಲಿ ರಸ್ತೆ, ಅಲ್ವಾ? ಅಂಥದ್ದೇನೂ ಇಲ್ಲ. ಬಿಸಿಲಲ್ಲಿ ಹೊಳೆಯುವ ಲಾಸ್ ಏಂಜಲೀಸ್. ವಾಹನಗಳು ಓಡಾಡುತ್ತಿವೆ, ಹಾರ್ನ್ ಕೇಳುತ್ತಿದೆ, ಊರು ತನ್ನ ಪಾಡಿಗೆ ತಾನಿದೆ. ಇಡೀ ಎಪಿಸೋಡಿನಲ್ಲಿ ನನಗೆ ಅತ್ಯಂತ ಹೆದರಿಕೆ ಹುಟ್ಟಿಸಿದ ಶಾಟ್ ಇದೇ. ಒಂದು ತೊಟ್ಟು ರಕ್ತವೂ ಇಲ್ಲದ ಶಾಟ್.

ಈ ಎಪಿಸೋಡ್ ಪ್ರಸಾರವಾಗಿದ್ದು 2015ರ ಆಗಸ್ಟ್ 23ರಂದು, ಅಮೆರಿಕದ ಎಎಂಸಿ ಚಾನೆಲ್‌ನಲ್ಲಿ. ‘ದ ವಾಕಿಂಗ್ ಡೆಡ್’ ಕಾಮಿಕ್ಸ್ ಬರೆದ ರಾಬರ್ಟ್ ಕರ್ಕ್‌ಮನ್ ಮತ್ತು ಡೇವ್ ಎರಿಕ್ಸನ್ ಸೇರಿ ಹುಟ್ಟುಹಾಕಿದ ಸೀರೀಸ್. ಮೊದಲ ಎಪಿಸೋಡ್ ನಿರ್ದೇಶಿಸಿದವರು ಆಡಮ್ ಡೇವಿಡ್ಸನ್. ಅವತ್ತು ರಾತ್ರಿ ಒಂದು ಕೋಟಿಗೂ ಜಾಸ್ತಿ ಜನ ನೋಡಿದರು. ಆಗಿನ ಮಟ್ಟಿಗೆ ಅಮೆರಿಕದ ಕೇಬಲ್ ಟಿವಿಯಲ್ಲಿ ಯಾವ ಹೊಸ ಸೀರೀಸಿನ ಮೊದಲ ಎಪಿಸೋಡಿಗೂ ಅಷ್ಟು ಜನ ಬಂದಿರಲಿಲ್ಲ. ಮುಂದೆ ಇದು 8 ಸೀಸನ್ ನಡೆದು 2023ರಲ್ಲಿ ಮುಗಿಯಿತು. ಆ ಉದ್ದ ಕತೆಯ ಗೋಜಿಗೆ ಇವತ್ತು ಹೋಗುವುದು ಬೇಡ. ಮೊದಲ ಒಂದು ಗಂಟೆ ಸಾಕು.

ಮೂಲ ಸೀರೀಸ್ ನೋಡದವರಿಗಾಗಿ ಎರಡು ಮಾತು. ‘ದ ವಾಕಿಂಗ್ ಡೆಡ್’ ಶುರುವಾಗಿದ್ದು 2010ರ ಅಕ್ಟೋಬರ್ 31ಕ್ಕೆ. ಅದರ ನಾಯಕ ರಿಕ್ ಒಬ್ಬ ಪೊಲೀಸ್ ಅಧಿಕಾರಿ. ಗುಂಡೇಟು ತಿಂದು ಕೋಮಾದಲ್ಲಿ ಮಲಗಿದ್ದವನು ಆಸ್ಪತ್ರೆಯಲ್ಲಿ ಎಚ್ಚರಗೊಳ್ಳುತ್ತಾನೆ. ಅಷ್ಟರಲ್ಲಿ ಪ್ರಪಂಚ ಮುಗಿದುಹೋಗಿದೆ. ಪಕ್ಕದಲ್ಲಿಟ್ಟ ಹೂ ಬಾಡಿದೆ, ಗಡಿಯಾರ ನಿಂತಿದೆ. ಸತ್ತವರು ಎದ್ದು ಓಡಾಡುತ್ತಿದ್ದಾರೆ. ಹೇಗಾಯಿತು, ಮೊದಲು ಯಾರು ನೋಡಿದರು, ಯಾವಾಗ ಕೈಮೀರಿತು, ಇದ್ಯಾವುದನ್ನೂ ಅವನು ನೋಡಿಲ್ಲ. ಅವನು ನೋಡಿಲ್ಲ ಅಂದಮೇಲೆ ನಾವೂ ನೋಡಿಲ್ಲ. ರಿಕ್ ಮಲಗಿದ್ದಾಗ ಹೊರಗೆ ಏನು ನಡೆಯಿತು? ಪ್ರೀಕ್ವೆಲ್, ಅಂದರೆ ಮೂಲ ಕತೆಗೂ ಹಿಂದಿನ ಕತೆ ಹೇಳುವ ಈ ಸೀರೀಸ್, ಕೈ ಹಾಕಿರುವುದು ಅಲ್ಲಿಗೆ. ಜಾಗವನ್ನೂ ಬದಲಿಸಿದ್ದಾರೆ. ಅದು ಜಾರ್ಜಿಯಾ, ಇದು ದೇಶದ ಇನ್ನೊಂದು ತುದಿಯ ಲಾಸ್ ಏಂಜಲೀಸ್. ಹಾಗಾಗಿ ರಿಕ್‌ನ ನೆರಳೂ ಇಲ್ಲಿ ಬೀಳುವುದಿಲ್ಲ.

ಈಗ ನನ್ನ ಅಕ್ಕನ ವಿಷಯ ಹೇಳಬೇಕು. ಸುಮ್ನೆ ಮನೆಯ ಕತೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ, ಕಾರಣ ಇದೆ. ಈ ಎಪಿಸೋಡನ್ನು ನಾನು ಅವಳ ಜೊತೆ ಕೂತು ನೋಡಿದೆ. ನಾನು ಮೂಲ ಸೀರೀಸನ್ನು ಅಲ್ಲಿಯವರೆಗೆ ಬಂದಷ್ಟೂ, ಅಂದರೆ 67 ಎಪಿಸೋಡ್, ಬಿಡದೆ ನೋಡಿದ್ದೆ. ಅವಳು ಒಂದನ್ನೂ ನೋಡಿರಲಿಲ್ಲ. ಅವಳಿಗೆ ಇಂಥ ಕತೆಗಳೆಂದರೆ ಅಷ್ಟಕ್ಕಷ್ಟೇ. ಇಬ್ಬರೂ ಒಂದೇ ಸೋಫಾ ಮೇಲೆ ಕೂತಿದ್ದೆವು. ಆದರೆ ಇಬ್ಬರೂ ನೋಡಿದ್ದು ಬೇರೆ ಬೇರೆ ಎಪಿಸೋಡ್!

ಆಸ್ಪತ್ರೆಯ ದೃಶ್ಯ ನೆನಪಿಸಿಕೊಳ್ಳಿ. ನಿಕ್‌ನನ್ನು ಮಂಚಕ್ಕೆ ಕಟ್ಟಿಹಾಕಿದ್ದಾರೆ. ಪಕ್ಕದ ಮಂಚದಲ್ಲಿ ಒಬ್ಬ ಮುದುಕ. ಅವನ ಉಸಿರು ಏರುಪೇರಾಗುತ್ತದೆ. ನರ್ಸುಗಳು ಓಡಿ ಬರುತ್ತಾರೆ. ಎದೆ ಒತ್ತುತ್ತಾರೆ. ಆಮೇಲೆ ಅವನನ್ನು ಆತುರಾತುರವಾಗಿ ಕೆಳಗಿನ ಮಹಡಿಗೆ ಸಾಗಿಸುತ್ತಾರೆ. ಅಕ್ಕ ‘ಪಾಪ, ಮುದುಕ ಹೋಗಿಬಿಟ್ಟ’ ಅಂದಳು. ನಾನು ಸೋಫಾದ ತುದಿಗೆ ಬಂದು ಕೂತಿದ್ದೆ. ಯಾಕೆಂದರೆ ಈ ಲೋಕದ ನಿಯಮ ನನಗೆ ಗೊತ್ತು. ಇಲ್ಲಿ ಕಚ್ಚಿಸಿಕೊಂಡವರು ಮಾತ್ರ ಏಳುವುದಲ್ಲ. ಆ ಸೋಂಕು ಎಲ್ಲರ ಮೈಯಲ್ಲೂ ಆಗಲೇ ಸೇರಿಕೊಂಡಿದೆ. ಹೇಗೆ ಸತ್ತರೂ, ಮಿದುಳಿಗೆ ಪೆಟ್ಟಾಗದಿದ್ದರೆ, ಎದ್ದೇ ಏಳುತ್ತಾರೆ. ಮೂಲ ಸೀರೀಸಿನಲ್ಲಿ ಈ ಗುಟ್ಟು ಬಾಯಿಬಿಟ್ಟು ಹೇಳುವುದು ಎರಡನೇ ಸೀಸನ್ನಿನ ಕೊನೆಯಲ್ಲಿ. ಇಲ್ಲಿ ಅದನ್ನು ಯಾರೂ ಹೇಳುವುದಿಲ್ಲ. ಹೇಳಲು ಯಾರಿಗೂ ಗೊತ್ತಿಲ್ಲ. ಗೊತ್ತಿರುವುದು ಹಳೆಯ ವೀಕ್ಷಕರಿಗೆ ಮಾತ್ರ.

ಸಸ್ಪೆನ್ಸ್ ಬಗ್ಗೆ ಮಾತಾಡುವವರೆಲ್ಲ ಸಿನಿಮಾ ನಿರ್ದೇಶಕ ಹಿಚ್‌ಕಾಕ್ ಹೇಳಿದ ಮೇಜಿನ ಕೆಳಗಿನ ಬಾಂಬನ್ನು ತರುತ್ತಾರೆ. ಮೇಜಿನ ಸುತ್ತ ಜನ ಹರಟುತ್ತಿದ್ದಾರೆ, ಕೆಳಗೆ ಬಾಂಬ್ ಇದೆ, ಅದು ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಕೇಳಿ ಕೇಳಿ ಸವೆದುಹೋದ ಉದಾಹರಣೆ. ಆದರೆ ಇಲ್ಲಿ ಬಾಂಬ್ ಮೇಜಿನ ಕೆಳಗಿಲ್ಲ. ಹರಟುತ್ತಿರುವ ಪ್ರತಿಯೊಬ್ಬರ ಮೈಯೊಳಗೇ ಇದೆ. ಹಾಗಾಗಿ ಕೆಮ್ಮಿದರೂ ನನಗೆ ಭಯ, ತೂಕಡಿಸಿದರೂ ಭಯ. ಶಾಲೆಯ ಕ್ಲಾಸಿನಲ್ಲಿ ಅರ್ಧ ಬೆಂಚು ಖಾಲಿ, ಜ್ವರ ಹರಡಿದೆ ಅಂತ ಯಾರೋ ಅಂದರೆ ನಾನು ಖಾಲಿ ಬೆಂಚು ಎಣಿಸಲು ಶುರು ಮಾಡುತ್ತೇನೆ.

ಕತೆಯ ಕೊನೆ ಗೊತ್ತಿದ್ದರೆ ರುಚಿ ಏನು ಅಂತ ಪ್ರೀಕ್ವೆಲ್‌ಗಳ ಬಗ್ಗೆ ಒಂದು ತಕರಾರು ಯಾವಾಗಲೂ ಇರುತ್ತದೆ. ಅಭಿಮನ್ಯು ಚಕ್ರವ್ಯೂಹದ ಒಳಗೆ ಹೋಗುವುದನ್ನು ನಾವು ಎಷ್ಟು ಸಲ ಕೇಳಿಲ್ಲ? ಪ್ರತಿ ಸಲವೂ ಒಳಗೊಳಗೇ ‘ಬೇಡ ಕಣಪ್ಪಾ’ ಅನ್ನುತ್ತೇವೆ. ಆದ್ದರಿಂದ ಆ ತಕರಾರನ್ನು ನಾನು ಜಾಸ್ತಿ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ನನ್ನ ತಕರಾರು ಬೇರೆ. ಹಾರರ್ ಪ್ರೀಕ್ವೆಲ್‌ಗಳಿಗೆ ಒಂದು ಕೆಟ್ಟ ಚಾಳಿ ಇದೆ. ಎಲ್ಲದಕ್ಕೂ ಮೂಲ ಹೇಳಲು ಹೊರಡುತ್ತವೆ. ದೆವ್ವ ಯಾಕೆ ದೆವ್ವವಾಯಿತು, ಅದರ ಬಾಲ್ಯ ಹೇಗಿತ್ತು, ಯಾರು ಹೊಡೆದರು, ಯಾರು ಬೈದರು. ಎಲ್ಲ ಕೇಳಿದ ಮೇಲೆ ದೆವ್ವದ ಮೇಲೆ ಕನಿಕರ ಹುಟ್ಟುತ್ತದೆಯೇ ಹೊರತು ಭಯ ಉಳಿಯುವುದಿಲ್ಲ.

ಹಾಗೆಂದು ಬಾಲ್ಯ ಹೇಳಿಯೂ ಗೆದ್ದವರಿಲ್ಲವೇ? ಇದ್ದಾರೆ. ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. 2013ರಲ್ಲಿ ಬಂದ ‘ಬೇಟ್ಸ್ ಮೋಟೆಲ್’ ನೋಡಿ. 1960ರ ‘ಸೈಕೋ’ ಸಿನಿಮಾದ ನಾರ್ಮನ್ ಬೇಟ್ಸ್ ಹದಿಹರೆಯದಲ್ಲಿ ಹೇಗಿದ್ದ ಅನ್ನುವ ಕತೆ. ತಾಯಿ ಮಗ ಇಬ್ಬರೂ ಏನಾಗುತ್ತಾರೆ ಅಂತ ಲೋಕಕ್ಕೆಲ್ಲ ಗೊತ್ತು. ಹಾಗಾಗಿ ಅವರು ಒಂದು ಉಪಾಯ ಮಾಡಿದರು. ಕತೆಯನ್ನು ಎತ್ತಿ ಈ ಕಾಲಕ್ಕೆ ತಂದಿಟ್ಟರು. ಹಳೇ ಮನೆ, ಹಳೇ ಬಟ್ಟೆ, ಹಳೇ ಸಿನಿಮಾ ನೋಡುವ ಹುಡುಗ. ನಾವು ಇದು ಹಳೇ ಕಾಲ ಅಂದುಕೊಂಡಿರುವಾಗ ಅವನ ಕೈಗೆ ಮೊಬೈಲ್ ಬರುತ್ತದೆ. ಅಲ್ಲಿಗೆ ನಮಗೆ ಗೊತ್ತಿದ್ದ ಕತೆ ಹಾಗೇ ನಡೆಯುತ್ತದೆ ಅನ್ನುವ ಧೈರ್ಯ ಹೋಗುತ್ತದೆ. ನನಗೆ ಆ ಉಪಾಯ ಇಷ್ಟ. ಇರಲಿ, ಲಾಸ್ ಏಂಜಲೀಸ್‌ಗೆ ವಾಪಸ್ ಬರೋಣ.

ನಾವು ನೋಡುತ್ತಿರುವ ಎಪಿಸೋಡ್ ಮೂಲ ಹೇಳುವ ಚಾಳಿಯಿಂದ ದೂರ ಉಳಿದಿದೆ. ವೈರಸ್ ಎಲ್ಲಿಂದ ಬಂತು? ಹೇಳುವುದಿಲ್ಲ. ಪ್ರಯೋಗಾಲಯ ಇಲ್ಲ, ವಿಜ್ಞಾನಿ ಇಲ್ಲ, ಟಿವಿಯಲ್ಲಿ ನಕ್ಷೆ ತೋರಿಸಿ ವಿವರಿಸುವ ಅಧಿಕಾರಿ ಇಲ್ಲ. ಬದಲಿಗೆ ಅದು ಕೇಳುವುದು ಒಂದೇ ಪ್ರಶ್ನೆ. ಮೊದಲು ನೋಡಿದವನ ಮಾತನ್ನು ಯಾರು ನಂಬುತ್ತಾರೆ?

ಇದಕ್ಕಾಗಿ ಅವರು ಆರಿಸಿಕೊಂಡ ಸಾಕ್ಷಿ ಯಾರು ನೋಡಿ. ಅಮಲಿನಲ್ಲಿದ್ದ ಹುಡುಗ. ಮನೆಯವರಿಗೆ ಎಷ್ಟೋ ಸಲ ಸುಳ್ಳು ಹೇಳಿದವನು. ಪೊಲೀಸರು ಬಂದು ಕೇಳಿದರೆ ಅವರಿಗೂ ಅನುಮಾನ. ತಾಯಿ ಮ್ಯಾಡಿಸನ್ ಶಾಲೆಯಲ್ಲಿ ಮಕ್ಕಳಿಗೆ ಬುದ್ಧಿ ಹೇಳುವ ಕೌನ್ಸೆಲರ್. ಊರ ಮಕ್ಕಳ ಕಷ್ಟ ಕೇಳುವವಳು, ತನ್ನ ಮಗ ಹೇಳಿದ್ದನ್ನು ಮಾತ್ರ ಕೇಳಿಸಿಕೊಳ್ಳುವುದಿಲ್ಲ. ಅವಳದ್ದು ತಪ್ಪು ಅನ್ನಲೂ ಆಗುವುದಿಲ್ಲ. ಕಿಮ್ ಡಿಕೆನ್ಸ್ ಆ ಪಾತ್ರವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಾರೆಂದರೆ, ಆ ಮುಖ ನೋಡಿದರೇ ಇದು ಎಷ್ಟನೆಯ ಸಲವೋ ಅನ್ನಿಸುತ್ತದೆ. ಅಳು ಇಲ್ಲ, ಕೂಗಾಟ ಇಲ್ಲ. ಬರೀ ಸುಸ್ತು.

ಇನ್ನೂ ಒಳ್ಳೆಯ ವಿಷಯ ಅಂದರೆ, ನಿಕ್‌ಗೇ ತನ್ನ ಮೇಲೆ ನಂಬಿಕೆ ಇಲ್ಲ. ತಾನು ನೋಡಿದ್ದು ನಿಜವಾದರೆ ಗ್ಲೋರಿಯಾ ಮನುಷ್ಯರನ್ನು ತಿಂದಳು. ಸುಳ್ಳಾದರೆ ತನಗೆ ಹುಚ್ಚು. ಎರಡರಲ್ಲಿ ಯಾವುದು ವಾಸಿ? ಮೂರನೆಯ ದಾರಿಯೊಂದನ್ನು ಅವನು ಹುಡುಕುತ್ತಾನೆ. ಮಾಲು ಕೊಟ್ಟ ಗೆಳೆಯ ಕ್ಯಾಲ್ವಿನ್ ಅದರಲ್ಲಿ ಬೇರೇನಾದರೂ ಬೆರೆಸಿದ್ದನೇ? ಹಾಗಿದ್ದರೆ ಎಲ್ಲ ಭ್ರಮೆ, ಎಲ್ಲ ಸರಿ. ‘ವಿಷ ಹಾಕಿದ್ದೆ’ ಅಂತ ಯಾರಾದರೂ ಒಪ್ಪಿಕೊಂಡರೆ ಸಾಕು ಅಂತ ಕಾಯುವ ಮನುಷ್ಯನನ್ನು ನಾನು ಹಾರರ್‌ನಲ್ಲಿ ಮೊದಲು ನೋಡಿರಲಿಲ್ಲ.

ಫ್ರ್ಯಾಂಕ್ ಡಿಲೇನ್ ಬಗ್ಗೆ ಒಂದು ಮಾತು. ನಿಕ್ ಪಾತ್ರ ಮಾಡಿದ ನಟ. ಆಸ್ಪತ್ರೆಯಿಂದ ತಪ್ಪಿಸಿಕೊಳ್ಳುವಾಗ ನಿಕ್ ಆ ಸತ್ತ ಮುದುಕನ ಬಟ್ಟೆ ಹಾಕಿಕೊಂಡು ಓಡುತ್ತಾನೆ. ಅಳತೆಗಿಂತ ದೊಡ್ಡ ಅಂಗಿ, ಜೋತುಬೀಳುವ ಪ್ಯಾಂಟು. ಕೆದರಿದ ಕೂದಲು, ಎಳೆದು ಹಾಕುವ ಕಾಲು. ದೂರದಿಂದ ನೋಡಿದರೆ ಅವನೇ ಒಂದು ಜಾಂಬಿ! ಹೆಣದ ಬಟ್ಟೆ ತೊಟ್ಟು ಬೀದಿಯಲ್ಲಿ ಅಲೆಯುವ ಹುಡುಗನನ್ನು ಯಾರೂ ತಿರುಗಿ ನೋಡುವುದಿಲ್ಲ. ದೊಡ್ಡ ಊರಿನಲ್ಲಿ ಅಂಥವರು ಇದ್ದೇ ಇರುತ್ತಾರೆ. ಸತ್ತವರು ಎದ್ದು ನಡೆದರೂ ಮೊದಮೊದಲು ಯಾರ ಕಣ್ಣಿಗೂ ಬೀಳದಿರುವುದು ಹೇಗೆ ಅಂತ ಇಷ್ಟರಲ್ಲೇ ತೋರಿಸಿಬಿಟ್ಟರು.

ಎರಡನೇ ಸಾಕ್ಷಿ ಟೋಬಯಸ್. ಶಾಲೆಯ ಹುಡುಗ, ಮುಖದ ತುಂಬ ಮೊಡವೆ. ಗೇಟಿನ ಮೆಟಲ್ ಡಿಟೆಕ್ಟರ್‌ನಲ್ಲಿ ಸಿಕ್ಕಿಬೀಳುತ್ತಾನೆ. ಬಳಿ ಚಿಕ್ಕ ಚಾಕು. ಯಾಕೋ ಅಂತ ಮ್ಯಾಡಿಸನ್ ಕೇಳಿದರೆ, ಕೆಲವು ರಾಜ್ಯಗಳಿಂದ ಸುದ್ದಿ ಬರುತ್ತಿದೆ, ಜನ ಜನರನ್ನು ಕೊಲ್ಲುತ್ತಿದ್ದಾರೆ, ಇದು ಒಂದಕ್ಕೊಂದು ಸಂಬಂಧ ಇರುವಂಥದ್ದೇ ಅನ್ನುತ್ತಾನೆ. ಅವಳು ಸಮಾಧಾನ ಮಾಡುತ್ತಾಳೆ. ಅಧಿಕಾರದಲ್ಲಿರುವವರಿಗೆ ಗೊತ್ತಿದ್ದರೆ ನಮಗೂ ಹೇಳುತ್ತಿದ್ದರು ಅನ್ನುವ ಧಾಟಿಯ ಮಾತು. ಆ ಹುಡುಗನ ನೋಟ ಗಮನಿಸಿ. ದೊಡ್ಡವರ ಮೇಲೆ ಮಕ್ಕಳಿಗೆ ಬರುವ ಕನಿಕರ ಅದು.

ಇಲ್ಲಿ ಇನ್ನೊಂದು ಕುಸುರಿ ಇದೆ. ಮ್ಯಾಡಿಸನ್‌ಳ ಸಂಗಾತಿ ಟ್ರಾವಿಸ್ ಅದೇ ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು. ಕ್ಲಾಸಿನಲ್ಲಿ ಅವನು ಪಾಠ ಮಾಡುವುದು ಜ್ಯಾಕ್ ಲಂಡನ್‌ನ ಕತೆ, ಹಿಮದಲ್ಲಿ ಬೆಂಕಿ ಹೊತ್ತಿಸಲು ಹೆಣಗಿ ಸಾಯುವವನದ್ದು. ಮನುಷ್ಯ ಮತ್ತು ಪ್ರಕೃತಿಯ ಜಗಳದಲ್ಲಿ ಗೆಲ್ಲುವುದು ಪ್ರಕೃತಿಯೇ ಅಂತ ಮಕ್ಕಳಿಗೆ ಹೇಳುತ್ತಾನೆ. ಮೊದಲ ಸಲ ನೋಡಿದಾಗ ಇದು ತುಸು ಜಾಸ್ತಿಯಾಯಿತು ಅನ್ನಿಸಿತ್ತು. ಮುಂದೆ ಬರುವುದನ್ನು ಬೋರ್ಡ್ ಮೇಲೆ ಬರೆದು ತೋರಿಸಿದ ಹಾಗೆ. ಆಮೇಲೆ ಆ ಕತೆಯನ್ನು ತೆಗೆದು ಮತ್ತೆ ಓದಿದೆ. ಅದರಲ್ಲಿ ಒಬ್ಬ ಹಳೇ ಅನುಭವಸ್ಥ ಬರುತ್ತಾನೆ. ಇಂಥ ಚಳಿಯಲ್ಲಿ ಒಬ್ಬನೇ ಹೋಗಬೇಡ ಅಂತ ಮೊದಲೇ ಎಚ್ಚರಿಸಿರುತ್ತಾನೆ. ಹೋದವನು ಆ ಮುದುಕನ ಮಾತಿಗೆ ನಕ್ಕಿರುತ್ತಾನೆ. ಟ್ರಾವಿಸ್ ಪಾಠದಲ್ಲಿ ಪ್ರಕೃತಿಯ ಬಗ್ಗೆ ಹೇಳಿದ, ಆ ಮುದುಕನ ಎಚ್ಚರಿಕೆಯನ್ನು ಮಾತ್ರ ತಾನೇ ಕಲಿಯಲಿಲ್ಲ!

ಟ್ರಾವಿಸ್‌ಗೆ ಅನ್ಯಾಯ ಮಾಡುವುದು ಬೇಡ. ನಿಕ್ ಹೇಳಿದ್ದರಲ್ಲಿ ಏನಾದರೂ ಇದ್ದೀತು ಅಂತ ಮೊದಲು ಎದ್ದು ಹೊರಡುವವನು ಅವನೇ. ರಾತ್ರಿ ಟಾರ್ಚ್ ಹಿಡಿದು ಆ ಚರ್ಚಿಗೆ ಒಬ್ಬನೇ ಹೋಗುತ್ತಾನೆ. ಕತ್ತಲಲ್ಲಿ ಯಾರೋ ಗಬಕ್ಕನೆ ಹಿಡಿಯುತ್ತಾರೆ. ಅದು ಹೆದರಿ ಮೂಲೆ ಸೇರಿದ್ದ ಒಬ್ಬ ಚಟಗಾರ, ತನ್ನನ್ನು ಕೊಲ್ಲಬೇಡ ಅಂತ ಬೇಡುವವನು. ಆಮೇಲೆ ನೆಲದ ಮೇಲೆ ರಕ್ತದ ಮಡು ಕಾಣುತ್ತದೆ. ವಾಪಸ್ ಬಂದು ಮ್ಯಾಡಿಸನ್‌ಗೆ ಹೇಳಿದರೆ ಅವಳದ್ದು ಮತ್ತೆ ಅದೇ ಸುಸ್ತು. ಅಂದರೆ ಈಗ ಅಮಲಿಲ್ಲದ, ಮರ್ಯಾದಸ್ಥ ಸಾಕ್ಷಿ ಸಿಕ್ಕಿದರೂ ಮಾತು ಮೇಲೇಳುವುದಿಲ್ಲ.

ಕೊನೆಗೆ ನಂಬಿಸುವುದು ಯಾವುದು ಹೇಳಿ? ಒಂದು ವಿಡಿಯೋ. ಹಿಂದಿನ ರಾತ್ರಿ ಹೆದ್ದಾರಿಯಲ್ಲಿ ವಾಹನಗಳು ಸಾಲುಗಟ್ಟಿ ನಿಂತಿರುತ್ತವೆ. ಮುಂದೆಲ್ಲೋ ಪೊಲೀಸ್ ದೀಪ, ಗುಂಡಿನ ಸದ್ದು. ಕಾರಿನಲ್ಲಿ ಕೂತ ಮ್ಯಾಡಿಸನ್, ಟ್ರಾವಿಸ್‌ಗೆ ಏನೂ ಕಾಣುವುದಿಲ್ಲ. ಮರುದಿನ ಶಾಲೆಯಲ್ಲಿ ಎಲ್ಲರ ಫೋನಿನಲ್ಲೂ ಅದೇ ಓಡುತ್ತಿರುತ್ತದೆ. ಸತ್ತ ಅಂದುಕೊಂಡವನು ಎದ್ದು ಕಚ್ಚುತ್ತಾನೆ. ಪೊಲೀಸರು ಗುಂಡು ಹಾರಿಸುತ್ತಲೇ ಇದ್ದಾರೆ, ಅವನು ಬೀಳುತ್ತಲೇ ಇಲ್ಲ. ಎದುರಿಗೇ ನಡೆದಾಗ ಕಾಣದ್ದು ಮಾರನೇ ದಿನ ಅಂಗೈಯಷ್ಟು ಪರದೆಯಲ್ಲಿ ಕಾಣುತ್ತದೆ. ಆಗಲೂ ಕೆಲವರು ಇದು ಯಾರೋ ಮಾಡಿದ ನಕಲಿ ಇರಬೇಕು ಅನ್ನುತ್ತಾರೆ.

ಈ ಜನರಿಗೆ ಇನ್ನೊಂದು ಕೊರತೆ ಇದೆ. ಅವರ ಹತ್ತಿರ ‘ಜಾಂಬಿ’ ಅನ್ನುವ ಪದವೇ ಇಲ್ಲ. ಈ ಲೋಕದಲ್ಲಿ ಅಂಥ ಸಿನಿಮಾಗಳು ಬಂದೇ ಇಲ್ಲ ಅಂತ ಕರ್ಕ್‌ಮನ್ ಹೇಳಿದ್ದಾರೆ. ನಾವಾಗಿದ್ದರೆ ಒಂದು ನಿಮಿಷದಲ್ಲಿ ಹೆಸರಿಡುತ್ತಿದ್ದೆವು, ತಲೆಗೆ ಹೊಡಿ ಅನ್ನುತ್ತಿದ್ದೆವು. ಹೆಸರೇ ಇಲ್ಲದಿದ್ದರೆ ಏನಂತ ಕೂಗಿ ಪಕ್ಕದ ಮನೆಯವರನ್ನು ಎಚ್ಚರಿಸುವುದು?

ಹೊಗಳಿಕೆ ಸಾಕು, ಈಗ ಕಿರಿಕಿರಿಯಾದದ್ದನ್ನು ಹೇಳುತ್ತೇನೆ. ಒಂದು, ಹುಸಿ ಹೆದರಿಕೆಗಳು. ಬೆನ್ನು ತಿರುಗಿಸಿ ನಿಂತವರು, ನಿಧಾನ ನಡೆಯುವವರು, ಹತ್ತಿರ ಹೋದರೆ ಮಾಮೂಲಿ ಮನುಷ್ಯರು. ಒಂದು ಸಲ ಚೆನ್ನ. ಎರಡನೇ ಸಲ ಸರಿ, ಹೋಗಲಿ. ಮೂರನೇ ಸಲಕ್ಕೆ ನನಗೆ ಕತೆಗಾರ ನನ್ನ ಭುಜ ತಟ್ಟಿ ಆಕಡೆ ಅಡಗಿಕೊಂಡ ಹಾಗೆ ಅನ್ನಿಸಿತು. ಎರಡು, ಮ್ಯಾಡಿಸನ್‌ಳ ಮಗಳು ಅಲಿಷಿಯಾ. ಜಾಣೆ, ಮನೆ ಬಿಟ್ಟು ಹೋಗಲು ದಿನ ಎಣಿಸುತ್ತಿರುವವಳು. ಅಷ್ಟೇ. ಒಂದು ಗಂಟೆಯಲ್ಲಿ ಅವಳಿಗೆ ಸಿಕ್ಕಿದ್ದು ಫೋನ್ ನೋಡುವುದು, ಬರದ ಹುಡುಗನಿಗಾಗಿ ಕಾಯುವುದು. ಟ್ರಾವಿಸ್‌ನ ಮಾಜಿ ಹೆಂಡತಿ, ಮಗ ಬಂದು ಹೋಗುವುದೂ ಹಾಜರಿ ಹಾಕಿದ ಹಾಗೆ. ಮೂರು, ಸರಿಯಾಗಿ ಕಾಣುವ ಜಾಂಬಿಗಳು ಮೂರೇ. ಕೆಲವರು ಇದನ್ನೇ ದೊಡ್ಡ ದೂರು ಮಾಡಿದರು. ನನಗೆ ಇದು ದೂರೇ ಅಲ್ಲ. ಎರಡು ಕೊಟ್ಟಿದ್ದರೂ ಸಾಕಿತ್ತು.

ಕೊನೆಯ ದೃಶ್ಯಕ್ಕೆ ಬರೋಣ. ಜಾಗ ಲಾಸ್ ಏಂಜಲೀಸ್ ನದಿ. ನದಿ ಅಂದರೆ ನೀವು ಬೇರೆ ಏನೋ ಕಲ್ಪಿಸಿಕೊಳ್ಳಬೇಡಿ. 1938ರಲ್ಲಿ ದೊಡ್ಡ ಪ್ರವಾಹ ಬಂದ ಮೇಲೆ ಅದರ ಬಹುಭಾಗಕ್ಕೆ ಕಾಂಕ್ರೀಟ್ ಹಾಕಿದರು. ಈಗ ಅದು ಬೋಳು ಕಾಲುವೆ, ನಡುವೆ ತೆಳ್ಳಗೆ ಹರಿಯುವ ನೀರು. ಅಲ್ಲಿಗೆ ಕ್ಯಾಲ್ವಿನ್ ನಿಕ್‌ನನ್ನು ಕಾರಿನಲ್ಲಿ ಕರೆದುಕೊಂಡು ಬರುತ್ತಾನೆ. ಹುಡುಗ ಬಾಯಿಬಿಟ್ಟರೆ ತನಗೆ ಕಷ್ಟ ಅಂತ ಮುಗಿಸಲು ಹೊರಟಿದ್ದಾನೆ. ಕಿತ್ತಾಟದಲ್ಲಿ ಪಿಸ್ತೂಲು ಸಿಡಿದು ಕ್ಯಾಲ್ವಿನ್ನೇ ಸಾಯುತ್ತಾನೆ. ಗುಂಡು ತಲೆಗೆ ಬಿದ್ದಿಲ್ಲ. ನಾನು ಅದನ್ನೇ ನೋಡಿದೆ. ಅಕ್ಕ ನೋಡಿದ್ದು ನಿಕ್‌ನ ಮುಖ.

ನಿಕ್ ಕರೆಯುತ್ತಾನೆ, ಮ್ಯಾಡಿಸನ್ ಮತ್ತು ಟ್ರಾವಿಸ್ ಬರುತ್ತಾರೆ. ಹೆಣ ಅಲ್ಲಿಲ್ಲ. ಸುರಂಗದ ಹತ್ತಿರ ಕ್ಯಾಲ್ವಿನ್ ನಿಂತಿದ್ದಾನೆ. ಪಾಪ, ಬದುಕಿದ್ದಾನೆ ಅಂತ ಇವರು ಸಹಾಯಕ್ಕೆ ಹೋಗುತ್ತಾರೆ. ಅವನು ಮೈಮೇಲೆ ಬೀಳುತ್ತಾನೆ. ನಿಕ್ ಟ್ರಕ್ ತಂದು ಗುದ್ದುತ್ತಾನೆ, ಒಂದು ಸಲ ಅಲ್ಲ, ಎರಡು ಸಲ. ಮೂಳೆ ಮುರಿದು ಬಿದ್ದವನು ಆಮೇಲೂ ತಲೆ ಹೊರಳಿಸಿ ಇವರ ಕಡೆ ನೋಡುತ್ತಾನೆ. ಏನಾಗುತ್ತಿದೆ ಅಂತ ನಿಕ್ ಕೇಳುತ್ತಾನೆ. ಗೊತ್ತಿಲ್ಲ ಅನ್ನುತ್ತಾನೆ ಟ್ರಾವಿಸ್. ಎಲ್ಲದಕ್ಕೂ ಉತ್ತರ ಇಟ್ಟುಕೊಂಡಿದ್ದ ಮೇಷ್ಟ್ರು.

ಇಲ್ಲಿ ನಾನು ಹಾಯಾಗಿ ಕೂತಿದ್ದೆ. ಅವನು ಏಳುತ್ತಾನೆ ಅಂತ ಗೊತ್ತಿತ್ತಲ್ಲ! ಅಕ್ಕ ಮಾತ್ರ ದಿಂಬನ್ನು ಎದೆಗೆ ಅವಚಿಕೊಂಡಿದ್ದಳು. ಆಗ ಕೇಳಿದೆ, ‘ಮೊದಲಿನಿಂದ ನಿನಗೆ ಭಯ ಆಗಲಿಲ್ವಾ?’ ‘ಏನ್ ಭಯ? ಆ ಹುಡುಗನಿಗೆ ಭ್ರಮೆ ಅಂದ್ಕೊಂಡಿದ್ದೆ. ಫೋನಲ್ಲಿ ವಿಡಿಯೋ ತೋರಿಸಿದ್ರಲ್ಲ, ಆಮೇಲೆ ತಾನೇ ನಿಜ ಅಂತ ಗೊತ್ತಾಗಿದ್ದು’ ಅಂದಳು.

ನಾನು ಸುಮ್ಮನಾದೆ. ಅಲ್ಲಿಯವರೆಗೆ ಈ ಎಪಿಸೋಡ್ ನನ್ನಂಥ ಹಳೇ ಗಿರಾಕಿಗಳಿಗೆ ಮಾಡಿದ್ದು ಅಂದುಕೊಂಡಿದ್ದೆ. ನಿಕ್‌ನನ್ನು ನಂಬದವರ ಸಾಲಿನಲ್ಲಿ ನನ್ನ ಪಕ್ಕದಲ್ಲೇ ಒಬ್ಬಳು ಕೂತಿದ್ದಳು. ಅವಳು ಮ್ಯಾಡಿಸನ್‌ಳ ಜಾಗದಲ್ಲಿ ಕೂತು ನೋಡಿದಳು. ನಾನು ನೋಡಿದ್ದು ಟೋಬಯಸ್‌ನ ಜಾಗದಿಂದ. ಯಾರ ಎಪಿಸೋಡ್ ಚೆನ್ನಾಗಿತ್ತು ಅಂತ ಕೇಳಿದರೆ, ನನಗೆ ಈಗಲೂ ಸಣ್ಣ ಹೊಟ್ಟೆಕಿಚ್ಚಿದೆ.

ಮುಂದಿನದು ಹಾಕಲು ರಿಮೋಟ್ ಎತ್ತಿಕೊಂಡೆ. ‘ಅಕ್ಕಾ, ಒಂದು ವಿಷಯ ಹೇಳ್ತೀನಿ, ಸತ್ತವರು ಎಲ್ಲರೂ...’ ಅಂತ ಬಾಯಿ ತೆರೆದೆ.

‘ನೀನ್ ಸುಮ್ನೆ ಕೂತ್ಕೋ ಮಾರಾಯ’ ಅಂದಳು.